ಹೊಲ ಕೇಳಿದ ಕನ್ನಡ ಮೇಷ್ಟ್ರು



ಸಂಗೊಳ್ಳಿ ರಾಯಣ್ಣ ಯಾಕೆ ಕತ್ತಿ ಹಿಡಿದ ಅಂತ ಬೈಲಹೊಂಗಲ ಸೀಮೆಯ ಯಾವ ಹುಡುಗನನ್ನು ಕೇಳಿದರೂ ಹೇಳ್ತಾನೆ: ಕಿತ್ತೂರಿಗಾಗಿ, ಚೆನ್ನಮ್ಮ ತಾಯಿಗಾಗಿ. ಸರಿಯಾದ ಉತ್ತರವೇ. ಆದರೆ ಅದರೊಳಗೆ ಒಂದು ಹೊಲದ ಕಥೆಯೂ ಇದೆ. ರಾಯಣ್ಣನದು ಶೇತಸನದಿ ಮನೆತನ, ಅಂದರೆ ಸಂಸ್ಥಾನದ ಚಾಕರಿಗೆ ಪ್ರತಿಯಾಗಿ ಭೂಮಿ ಪಡೆದವರು. ಕಂಪನಿ ಸರ್ಕಾರ ಬಂದ ಮೇಲೆ ಆ ಭೂಮಿಯಲ್ಲಿ ಒಂದಿಷ್ಟು ಕೈಬಿಟ್ಟು ಹೋಯ್ತು, ಉಳಿದದ್ದರ ಮೇಲೆ ಕಂದಾಯ ಬಿತ್ತು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದವನ ಸಿಟ್ಟಿನ ಬೇರು ಕಾಗದಪತ್ರದಲ್ಲೂ ಇತ್ತು. ಇದನ್ನು ಯಾಕೆ ನೆನಪಿಸ್ತಿದ್ದೀನಿ ಅನ್ನೋದು ಆಮೇಲೆ ಗೊತ್ತಾಗುತ್ತೆ.

ಇವತ್ತು ಜೂನ್ 9, ಪ್ರೊಫೆಸರ್ ಬಿ. ಕೃಷ್ಣಪ್ಪ ಹುಟ್ಟಿದ ದಿನ. 1938, ಹರಿಹರ. ತೊರಗಲ್ ನಾಡಿನವರಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ಸವದತ್ತಿ, ರಾಮದುರ್ಗದ ಎರಿ ಹೊಲಗಳಲ್ಲಿ ಇನ್ನೂ ನಿಂತೇ ಇದೆ.

ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡ್ತಿದ್ದ ಮೇಷ್ಟ್ರು ಅವರು. ಸಂಬಳ ಇತ್ತು, ಗೌರವ ಇತ್ತು, ಸುಮ್ಮನಿದ್ದರೆ ಯಾರೂ ಕೇಳ್ತಿರಲಿಲ್ಲ. 1973ರಲ್ಲಿ ಮೈಸೂರಿನಲ್ಲಿ ಸಚಿವ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದರು. ರಾಜ್ಯ ಹೊತ್ತಿ ಉರಿಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಆ ಬೆಂಕಿಯ ಬೆನ್ನಿಗೇ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಕೃಷ್ಣಪ್ಪನವರು ಅದರ ಸ್ಥಾಪಕರು, ಮೊದಲ ರಾಜ್ಯ ಸಂಚಾಲಕರು.

ಅದೇ ಹೊತ್ತಿಗೆ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ತಂದಿತ್ತು. 1974ರ ಮಾರ್ಚ್ 1ರಿಂದ ಜಾರಿ. ಉಳುವವನೇ ಹೊಲದೊಡೆಯ! ದೊಡ್ಡ ಕೆಲಸ, ಅನುಮಾನ ಬೇಡ. ಲಾವಣಿಗೆ ಹೊಲ ಮಾಡುತ್ತಿದ್ದವರು ನಮೂನೆ 7 ತುಂಬಿದರು, ನ್ಯಾಯಮಂಡಳಿ ಮುಂದೆ ನಿಂತರು, ಲಕ್ಷಾಂತರ ಕುಟುಂಬಗಳು ಮಾಲೀಕರಾದವು. ಆದರೆ ನೋಡಿ, ಕಾನೂನಿನ ಪ್ರಕಾರ ಉಳುವವನು ಅಂದರೆ ಯಾರು? ಗೇಣಿದಾರ. ಹಗಲೆಲ್ಲ ರಂಟೆ ಹಿಡಿದು, ಸಂಜೆ ಕೂಲಿ ಇಸಿದುಕೊಂಡು ಕೇರಿಗೆ ಹೋಗುವವನು ಉಳುವವನಲ್ಲ, ಅವನು ಆಳು. ಉತಾರದಲ್ಲಿ ಅವನ ಹೆಸರು ಯಾವ ಕಾಲಂನಲ್ಲೂ ಇರಲಿಲ್ಲ. ಹೆಚ್ಚಿನ ದಲಿತರು ನಿಂತದ್ದು ಆ ಕಾಲಂನ ಹೊರಗೆ.

ಕೃಷ್ಣಪ್ಪನವರು ಹಿಡಿದದ್ದು ಇದನ್ನು. ಜಾತಿ ಬೇರೆ, ಹೊಲ ಬೇರೆ ಅಂತ ಅವರು ನೋಡಲಿಲ್ಲ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟರು ಅಂತ ಇವತ್ತು ಠಾಣೆಗೆ ದೂರು ಕೊಡ್ತೀರಿ. ನಾಳೆ ಬೆಳಿಗ್ಗೆ ಕೂಲಿಗೆ ಹೋಗಬೇಕಾದದ್ದು ಯಾರ ಹೊಲಕ್ಕೆ? ದೂರಿನಲ್ಲಿ ಹೆಸರಿರುವವನ ಹೊಲಕ್ಕೇ. ಕೂಲಿ ಬಂದ್, ಅಂಗಡಿ ಬಂದ್, ಗಿರಣಿ ಬಂದ್. ಎರಡು ಎಕರೆ ಸ್ವಂತದ್ದಿದ್ದರೆ ಆ ಮನುಷ್ಯ ಒಂದು ಹಂಗಾಮು ತಡೆದುಕೊಳ್ತಾನೆ. ಇಲ್ಲದಿದ್ದರೆ ಮೂರನೇ ದಿನಕ್ಕೆ ರಾಜಿ. ಬಹಿಷ್ಕಾರದ ಸುದ್ದಿ ಬಂದಾಗ ನಾವು ಕ್ಯಾಮೆರಾ ಹಿಡಿದು ಓಡ್ತೀವಿ. ಒಂದು ದಿನ ತೋರಿಸ್ತೀವಿ. ರಾಜಿಯಾದ ದಿನ ಅಲ್ಲಿ ನಾವ್ಯಾರೂ ಇರಲ್ಲ, ಒಪ್ಪಿಕೊಳ್ತೀನಿ.

ಸರ್ಕಾರ ದಲಿತರಿಗೆ ಜಮೀನು ಮಂಜೂರು ಮಾಡಿದ್ದೂ ಉಂಟು. ಆದರೆ ಮಗಳ ಮದುವೆ, ಹೆಂಡತಿಯ ಕಾಯಿಲೆ, ಬರ ಬಂತು, ಸಾಲ ಬಂತು, ಹೆಬ್ಬೆಟ್ಟು ಒತ್ತಿಸಿಕೊಂಡರು, ಹೊಲ ಹೋಯ್ತು. ಭದ್ರಾವತಿ ತಾಲ್ಲೂಕಿನ ಸಿದ್ಲಿಪುರದಲ್ಲಿ ದಲಿತರ ಭೂಮಿಗಾಗಿ ಸಂಘರ್ಷ ಸಮಿತಿ ನಡೆಸಿದ ಹೋರಾಟ ಇವತ್ತಿಗೂ ಜನರ ಬಾಯಲ್ಲಿದೆ. 1978ರಲ್ಲಿ ಕಾನೂನೇ ಬಂತು. ಪಿಟಿಸಿಎಲ್ ಅಂತ ನಾವು ಕರೆಯೋದು ಅದನ್ನೇ. ಷರತ್ತು ಮೀರಿ ಕೈಬದಲಾದ ಮಂಜೂರಾತಿ ಜಮೀನಿನ ಮಾರಾಟ ಅಸಿಂಧು, ಉಪವಿಭಾಗಾಧಿಕಾರಿ ಅದನ್ನು ಮೂಲದವರಿಗೆ ಕೊಡಿಸಬೇಕು. 1984ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಸುಪ್ರೀಂ ಕೋರ್ಟ್ ಇಷ್ಟು ವರ್ಷ ತಡವಾಗಿ ಬಂದರೆ ಆಗಲ್ಲ ಅಂದಿತು. ಆಮೇಲೆ ಕಚೇರಿಗಳಲ್ಲಿ ಅರ್ಜಿಗಳು ಒಂದರ ಹಿಂದೆ ಒಂದು ಬಿದ್ದುಹೋದವು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತ ಮೇಲೆ, 2023ರಲ್ಲಿ ತಿದ್ದುಪಡಿಯಾಗಿ ಕಾಲಮಿತಿ ಇಲ್ಲ ಅಂತಾಯ್ತು. ತಡವಾಯ್ತು ಅನ್ನೋ ವಾದ ಮಾತ್ರ ಕೋರ್ಟುಗಳಲ್ಲಿ ಇನ್ನೂ ನಿಂತಿಲ್ಲ.

ಇನ್ನೊಂದು ಪಕ್ಷವೂ ಇದೆ, ಹೇಳಲೇಬೇಕು. ಆ ಹೊಲ ಕೊಂಡವರೆಲ್ಲ ಗೌಡರು, ಸಾಹುಕಾರರು ಅಲ್ಲ. ಮೂರನೇ ಕೈ, ನಾಲ್ಕನೇ ಕೈಯಲ್ಲಿ ಕೊಂಡ ಸಣ್ಣ ರೈತರೂ ಇದ್ದಾರೆ. ಅವರ ಸಂಕಟ ಸುಳ್ಳಲ್ಲ. ಆದರೆ ಆ ಸಂಕಟಕ್ಕೆ ಪರಿಹಾರ ಕೊಡಬೇಕಾದದ್ದು ಸರ್ಕಾರ, ಹೊಲ ಕಳಕೊಂಡವನಲ್ಲ. ನನ್ನ ಅಭಿಪ್ರಾಯ ಇದು.

ಈಗ ರಾಯಣ್ಣನ ಶೇತಸನದಿಗೆ ಬರ್ತೀನಿ. ನಮ್ಮದು ಹಳೇ ಮುಂಬೈ ಪ್ರಾಂತ. ಚಾಕರಿಗೆ ಭೂಮಿ ಅನ್ನೋ ಪದ್ಧತಿ ಇಲ್ಲಿ ಕೇರಿಯವರೆಗೂ ಇತ್ತು. ಟಪಾಲು ಒಯ್ಯೋದು, ಜನರನ್ನು ಕರೆಯೋದು, ಕಾವಲು, ಹಗಲೂ ರಾತ್ರಿ ಊರ ಚಾಕರಿ ಮಾಡಿದ ದಲಿತರಿಗೆ ವತನದ ತುಂಡು ಹೊಲ. ಅದು ಹೊಲವಲ್ಲ, ಕೊರಳಿಗೆ ಹಾಕಿದ ಹಗ್ಗ ಅಂತ ಕಂಡ ಅಂಬೇಡ್ಕರ್ 1928ರಲ್ಲೇ ಮುಂಬೈ ಶಾಸನ ಪರಿಷತ್ತಿನಲ್ಲಿ ಮಸೂದೆ ಮಂಡಿಸಿದ್ದರು. ಕರ್ನಾಟಕ 1961ರಲ್ಲಿ ಕಾಯ್ದೆ ಮಾಡಿ ಗ್ರಾಮ ಚಾಕರಿ ರದ್ದು ಮಾಡಿತು, ಹೊಲ ಅವರವರ ಹೆಸರಿಗೆ ಮರುಮಂಜೂರಾಗಬೇಕಿತ್ತು. ಆದರೆ ಪಿಟಿಸಿಎಲ್ ಕಾಯ್ದೆಯಲ್ಲಿ ಮಂಜೂರಾದ ಜಮೀನು ಅಂದರೇನು ಅಂತ ಬರೆದ ಸಾಲಿನಲ್ಲೇ, ವಂಶಪಾರಂಪರ್ಯ ಚಾಕರಿಯ ಜಮೀನು ಬಿಟ್ಟು ಅಂತ ಇದೆ. ಅಂದರೆ ತಲೆತಲಾಂತರ ಚಾಕರಿ ಮಾಡಿ ಪಡೆದ ಹೊಲ ಕೈತಪ್ಪಿದರೆ ಈ ಕಾನೂನು ಅವನ ನೆರವಿಗೆ ಬರಲ್ಲ. 2023ರ ತಿದ್ದುಪಡಿ ಆ ಸಾಲನ್ನು ಮುಟ್ಟಲಿಲ್ಲ. ನಮ್ಮ ಭಾಗದ ಶಾಸಕರು ಯಾರಾದರೂ ಅದನ್ನು ಕೇಳಬಹುದಿತ್ತು.

ಕೃಷ್ಣಪ್ಪನವರು 1997ರ ಏಪ್ರಿಲ್ 30ರಂದು ತೀರಿಕೊಂಡರು. ಅವರು ಕಟ್ಟಿದ ಸಂಘಟನೆ ಬಣಬಣವಾಗಿ ಒಡೆಯಿತು. ಅದು ಇನ್ನೊಂದು ದಿನದ ಮಾತು.

ಬೈಲಹೊಂಗಲದ ಉಪವಿಭಾಗಾಧಿಕಾರಿ ಕಚೇರಿಗೆ ಸವದತ್ತಿ, ರಾಮದುರ್ಗದ ಕಡೆಯಿಂದಲೂ ಜನ ಬರ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿ ಮಡಿಸಿ ಹರಿದ ಮಂಜೂರಾತಿ ಪತ್ರ, ಸತ್ತ ಅಪ್ಪನ ಹೆಸರಿನ ಉತಾರ. ಬಸ್ಸಿನ ಖರ್ಚು ಬೇರೆ, ಅವತ್ತಿನ ಕೂಲಿ ಹೋದದ್ದು ಬೇರೆ. ವಕೀಲರು ಹೇಳಿದ ಮುಂದಿನ ತಾರೀಖನ್ನು ಚೀಟಿಯಲ್ಲಿ ಬರೆಸಿಕೊಂಡು ಸಂಜೆ ಬಸ್ಸಿಗೆ ವಾಪಸ್. ಮುಂದಿನ ತಾರೀಖಿಗೆ ನಮ್ಮ ಕ್ಯಾಮೆರಾ ಅಲ್ಲಿ ಇರುತ್ತೆ, ಅದರ ಮುಂದಿನ ತಾರೀಖಿಗೂ.