ಬೆಸುಗೆ ಹಾಕಿದ ಚೌಕಟ್ಟು ಸೊಟ್ಟಗಾಗದಿರಲು



ಮುಂಗಾರಿನ ಹದ ಬಂದಾಗಲೇ ಕಲ್ಟಿವೇಟರಿನ ಚೌಕಟ್ಟು ಮುರಿಯುವುದುಂಟು. ರೈತನು ಅದನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು ಹೊಸ ಆಂಗಲ್ ತುಂಡು ಸೇರಿಸಿ ತರುತ್ತಾನೆ. ಬೆಸುಗೆ ಗಟ್ಟಿಯಾಗಿಯೇ ಇರುತ್ತದೆ. ಆದರೆ ಹೊಲಕ್ಕೆ ಇಳಿಸಿದಾಗ ಒಂದು ಪಕ್ಕದ ಹಲ್ಲುಗಳು ಆಳಕ್ಕೆ ಇಳಿದರೆ ಇನ್ನೊಂದು ಪಕ್ಕದವು ಮೇಲೆ ಮೇಲೆ ಕೆರೆಯುತ್ತವೆ. ಚೌಕಟ್ಟು ಸೊಟ್ಟಗಾಗಿದೆ! ಕೂರಿಗೆಯಾದರೆ ನಷ್ಟ ಇನ್ನೂ ಹೆಚ್ಚು: ಆಳಕ್ಕೆ ಬಿದ್ದ ಬೀಜ ಮೇಲೇಳದು, ಮೇಲೆ ಬಿದ್ದದ್ದಕ್ಕೆ ತೇವ ಸಿಗದು.

ಸೊಟ್ಟಗಾಗುವುದು ಹೆಚ್ಚಾಗಿ ತಣಿಯುವಾಗ. ಉಕ್ಕು ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬೆಸುಗೆಯ ಪಕ್ಕದ ಲೋಹ ಕಾದು ಹಿಗ್ಗಲು ನೋಡುತ್ತದೆ. ಸುತ್ತಲಿನ ತಣ್ಣನೆಯ ಲೋಹ ಬಿಡುವುದಿಲ್ಲ. ಹೀಗಾಗಿ ಅದು ಅಲ್ಲಿಯೇ ಅದುಮಿಕೊಳ್ಳುತ್ತದೆ. ತಣಿದಾಗ ಮೊದಲಿಗಿಂತ ಗಿಡ್ಡವಾಗಿ ಚೌಕಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟೆಯನ್ನು ಕಾಯಿಸಿ ಕೂಡಿಸುವುದನ್ನು ಕಂಡವರಿಗೆ ಈ ಎಳೆತದ ಬಲ ಗೊತ್ತು.

ಹೆಚ್ಚು ಲೋಹ ಸುರಿದಷ್ಟೂ ಗಟ್ಟಿ ಎಂಬ ನಂಬಿಕೆ ತಪ್ಪು. ಮೂಲೆಯ ಬೆಸುಗೆ 6 ಮಿ.ಮೀ. ಸಾಕಾದ ಕಡೆ 9 ಮಿ.ಮೀ. ಹಾಕಿದರೆ ಲೋಹ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಹಿಡಿಯುತ್ತದೆ. ಎಳೆತವೂ ಹಾಗೆಯೇ ಹೆಚ್ಚುತ್ತದೆ.

ಮೊದಲು ತುಂಡುಗಳನ್ನು ಸಂದಿಯಿಲ್ಲದಂತೆ ಹೊಂದಿಸಿ, ಕ್ಲಾಂಪಿನಿಂದ ಬಿಗಿದು, ಅಲ್ಲಲ್ಲಿ ಟ್ಯಾಕ್ ಎನ್ನುವ ಚುಕ್ಕೆ ಬೆಸುಗೆ ಹಾಕಿಸಬೇಕು. ಆಗಲೇ ಚೌಕಟ್ಟಿನ ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದು ಅಳೆಯಬೇಕು; ಎರಡು ಅಳತೆಯೂ ಒಂದೇ ಇರಬೇಕು. ಚುಕ್ಕೆ ಒಡೆದು ಸರಿಪಡಿಸುವುದು ಸುಲಭ, ಪೂರ್ತಿ ಬೆಸುಗೆ ಕತ್ತರಿಸುವುದು ಹಾಗಲ್ಲ.

ಅನಂತರ ಒಂದೇ ತುದಿಯಿಂದ ಉದ್ದಕ್ಕೆ ಎಳೆದುಕೊಂಡು ಹೋಗಬಾರದು. ಒಂದು ಪಕ್ಕಕ್ಕೆ ಎರಡು ಮೂರು ಅಂಗುಲ, ಅದರ ಎದುರು ಪಕ್ಕಕ್ಕೆ ಅಷ್ಟೇ, ಹೀಗೆ ಬದಲಿಸುತ್ತ ನಡುವಿನಿಂದ ತುದಿಗಳ ಕಡೆಗೆ ಸಾಗಬೇಕು. ಅಂಗಡಿಯವನು ಅವಸರ ಮಾಡುವುದು ಇಲ್ಲಿಯೇ. ತಿರುವಿ ಹಾಕುವ ಶ್ರಮ ಅವನದು, ತಪ್ಪಿದರೆ ನಷ್ಟ ರೈತನದು. ಎದುರು ಪಕ್ಕ ಸಿಗದ ಕಡೆ ತುಂಡನ್ನು ಎಳೆತಕ್ಕೆ ವಿರುದ್ಧವಾಗಿ ತುಸು ಓರೆಯಿಟ್ಟು ಬೆಸೆದರೆ ತಣಿದಾಗ ನೇರ ನಿಲ್ಲುತ್ತದೆ. ಎಷ್ಟು ಓರೆ ಎಂಬುದನ್ನು ಅದೇ ದಪ್ಪದ ಹಳೆಯ ತುಂಡಿನ ಮೇಲೆ ಬೆಸೆದು ನೋಡಿ ತಿಳಿಯಬೇಕು.

ಪೂರ್ತಿ ತಣಿಯುವವರೆಗೆ ಕ್ಲಾಂಪ್ ಬಿಚ್ಚಬಾರದು. ನೀರನ್ನಂತೂ ಹೊಯ್ಯಲೇಬಾರದು, ಗಡಸು ಉಕ್ಕಾದರೆ ಪೆಡಸಾಗಿ ಬಿರುಕು ಬಿಟ್ಟೀತು. ಸ್ಪ್ರಿಂಗ್ ಪಟ್ಟಿಯಂಥ ಗಡಸು ಭಾಗ ಮುರಿದರೆ ಬೆಸುಗೆಗೆ ಕೊಡುವುದಕ್ಕಿಂತ ಹೊಸದನ್ನು ತಂದು ಬೋಲ್ಟಿನಿಂದ ಕೂಡಿಸುವುದೇ ಲೇಸು.