ಜಮಾಅತ್ ನಡೆಸುವುದನ್ನೂ ಕಲಿಯಬೇಕು
(ನಂಜನಗೂಡು ಮತ್ತು ಟಿ. ನರಸೀಪುರ ಭಾಗದ ಜಮಾಅತ್‌ಗಳನ್ನು ಉದ್ದೇಶಿಸಿ ನೀಡಿದ ಜುಮಾ ಪ್ರವಚನದ ಸಂಗ್ರಹ)



ಸರ್ವ ಸ್ತುತಿಯೂ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಹಾಬಿಗಳ ಮೇಲೆ ಶಾಂತಿ ಇರಲಿ.

ನಮ್ಮ ಎರಡೂ ತಾಲೂಕುಗಳಲ್ಲಿ ಮಸೀದಿ ಇರುವ ಕಡೆಯೆಲ್ಲ ಒಂದು ಸಂಸ್ಥೆ ಇದೆ. ನಾವು ಅದನ್ನು ಕಮಿಟಿ ಎನ್ನುತ್ತೇವೆ. ಸದರ್, ಸೆಕ್ರೆಟರಿ, ಖಜಾಂಚಿ ಇರುತ್ತಾರೆ. ಇಮಾಮರ ಸಂಬಳ, ಮದ್ರಸಾ, ಖಬರಸ್ಥಾನದ ಕಾಂಪೌಂಡು, ಮಳಿಗೆಗಳ ಬಾಡಿಗೆ, ರಮಝಾನಿನ ಇಫ್ತಾರ್, ಬಡ ಹೆಣ್ಣುಮಕ್ಕಳ ನಿಕಾಹ್‌ಗೆ ನೆರವು, ಎಲ್ಲವೂ ಅವರ ಕೈಯಲ್ಲೇ. ಅಂಗಡಿಗೆ ಒಬ್ಬ ಹುಡುಗನನ್ನು ಸೇರಿಸಿಕೊಳ್ಳುವಾಗ ಲೆಕ್ಕ ಬರುತ್ತದೆಯೇ ಎಂದು ನಾವು ವಿಚಾರಿಸುತ್ತೇವೆ. ಕಮಿಟಿಗೆ ಆರಿಸುವಾಗ ಮಾತ್ರ ಅದನ್ನು ಕೇಳುವುದಿಲ್ಲ. "ಒಳ್ಳೆಯ ಮನುಷ್ಯ, ಐದು ಹೊತ್ತಿನ ನಮಾಝಿ" ಎಂದರೆ ಆಯ್ಕೆ ಮುಗಿಯಿತು.

ಒಳ್ಳೆಯತನ ಬೇಕೇ ಬೇಕು. ಆದರೆ ಅದೊಂದೇ ಸಾಕಾಗಿದ್ದರೆ ಅಬೂದರ್ರ್(ರ)ರಿಗೆ ಅಧಿಕಾರ ಸಿಗಬೇಕಿತ್ತು. ಸತ್ಯವಂತಿಕೆಗೆ ಅವರಷ್ಟು ಹೆಸರಾದವರು ಕಡಿಮೆ. ತಮಗೊಂದು ಹೊಣೆ ಕೊಡಿ ಎಂದು ಅವರು ಕೇಳಿದಾಗ ಪ್ರವಾದಿ(ಸ)ರು ಅವರ ಭುಜ ತಟ್ಟಿ, ಈ ಕೆಲಸಕ್ಕೆ ನೀವು ದುರ್ಬಲರು, ಇದೊಂದು ಅಮಾನತ್ ಎಂದು ತಿಳಿಹೇಳಿದ್ದನ್ನು ಸಹೀಹ್ ಮುಸ್ಲಿಮ್ ದಾಖಲಿಸಿದೆ. ಅಬೂದರ್ರ್(ರ)ರ ಸ್ಥಾನ ಅದರಿಂದ ಕಡಿಮೆಯಾಗಲಿಲ್ಲ. ಇತ್ತ ಯೂಸುಫ್(ಅ)ರು ಈಜಿಪ್ಟಿನ ಉಗ್ರಾಣಗಳ ಹೊಣೆಯನ್ನು ತಾವಾಗಿಯೇ ಕೇಳಿ ಪಡೆದಾಗ ತಮ್ಮಲ್ಲಿರುವ ಎರಡು ಗುಣಗಳನ್ನು ಹೇಳಿದರು: ಕಾಪಾಡಬಲ್ಲೆ, ಮತ್ತು ಕೆಲಸ ತಿಳಿದಿದ್ದೇನೆ. ನಾವು ಮೊದಲನೆಯದನ್ನು ನೋಡಿ ಎರಡನೆಯದನ್ನು ಬಿಟ್ಟುಬಿಡುತ್ತೇವೆ.

ಆ ಕೆಲಸ ಏನೆಂಬುದಕ್ಕೆ ಉಮರ್(ರ)ರ ವಕ್ಫ್‌ಗಿಂತ ಒಳ್ಳೆಯ ಪಾಠ ನಮಗೆ ಕಾಣುವುದಿಲ್ಲ. ಖೈಬರಿನಲ್ಲಿ ಅವರಿಗೆ ಒಳ್ಳೆಯ ಜಮೀನು ಸಿಕ್ಕಿತು. ಪ್ರವಾದಿ(ಸ)ರ ಸಲಹೆಯಂತೆ ಮೂಲವನ್ನು ಉಳಿಸಿ ಆದಾಯವನ್ನು ದಾನಕ್ಕೆ ಬಿಟ್ಟರು. ಜಮೀನನ್ನು ಮಾರುವಂತಿಲ್ಲ, ಕೊಡುಗೆ ಕೊಡುವಂತಿಲ್ಲ, ಅದು ವಾರಸುದಾರರಿಗೆ ಹೋಗುವಂತಿಲ್ಲ. ಬಡವರು, ಬಂಧುಗಳು, ಪ್ರಯಾಣಿಕರು, ಅತಿಥಿಗಳು ಹೀಗೆ ಆದಾಯ ಯಾರಿಗೆ ಎಂಬುದು ನಿಗದಿಯಾಯಿತು. ನೋಡಿಕೊಳ್ಳುವವರು ರೂಢಿಯಷ್ಟು ತಿನ್ನಬಹುದು, ಆಸ್ತಿ ಮಾಡಿಕೊಳ್ಳಬಾರದು. ಇದಿಷ್ಟನ್ನೂ ಬರೆಸಿದರು, ಸಾಕ್ಷಿ ಹಾಕಿಸಿದರು. ಆ ಪತ್ರದ ವಿವರ ಅಬೂದಾವೂದ್‌ನಲ್ಲಿದೆ. ಅದರಲ್ಲಿ ಇನ್ನೊಂದು ಮಾತೂ ಇದೆ: ಮೇಲ್ವಿಚಾರಣೆ ಮಗಳು ಹಫ್ಸಾ(ರ)ರದ್ದು, ಅವರ ಕಾಲಾನಂತರ ಮನೆತನದಲ್ಲಿ ವಿವೇಕವುಳ್ಳವರದ್ದು.

ಉಮರ್(ರ)ರಂತಹವರೇ ಬಾಯಿಮಾತಿಗೆ ಬಿಡಲಿಲ್ಲ. ನಮ್ಮಲ್ಲಿ ಎಷ್ಟು ಮಸೀದಿಗಳ ಜಾಗದ ಕಾಗದ ಯಾರ ಮನೆಯ ಬೀರುವಿನಲ್ಲಿದೆ ಎಂದು ಕೇಳಿ ನೋಡಿ. ದಿಢೀರನೆ ಖಜಾಂಚಿ ತೀರಿಕೊಂಡರೆ, ಜಮಾಅತ್‌ನ ಹಣ ಅವರ ಸ್ವಂತ ಖಾತೆಯಲ್ಲಿದ್ದರೆ, ಮಕ್ಕಳು ಅದನ್ನು ತಂದೆಯ ಹಣವೆಂದೇ ನಂಬುತ್ತಾರೆ. ಅವರದು ತಪ್ಪೆನ್ನಲಾಗದು. ಎರಡು ಮನೆಗಳು ಸಲಾಮ್ ಬಿಡುತ್ತವೆ, ಆ ವರ್ಷ ನಿಕಾಹ್ ನೆರವು ನಿಂತುಹೋಗುತ್ತದೆ. ಇಂತಹ ಜಗಳವನ್ನು ನೀವೂ ಕಂಡಿರುತ್ತೀರಿ. ಜಮಾಅತ್‌ನ ಹೆಸರಿನಲ್ಲೇ ಖಾತೆ, ಚೆಕ್ಕಿಗೆ ಇಬ್ಬರ ಸಹಿ, ಚಂದಾಕ್ಕೆ ನಂಬರು ಇರುವ ರಸೀದಿ: ಇದಕ್ಕೆ ದೊಡ್ಡ ಓದು ಬೇಡ, ನಮ್ಮ ಪಿಯುಸಿ ಹುಡುಗರೇ ಮಾಡಿಕೊಡುತ್ತಾರೆ. ಸಾಲವನ್ನು ಬರೆದಿಡಿ ಎಂದು ಕುರ್‌ಆನ್ ಆದೇಶಿಸುವ ಬಖರ ಸೂರಾದ 282ನೆಯ ಆಯತ್ ಇಡೀ ಗ್ರಂಥದಲ್ಲೇ ಅತಿ ಉದ್ದದ್ದು. 1995ರ ವಕ್ಫ್ ಕಾಯ್ದೆಯೂ ಮುತವಲ್ಲಿ ವರ್ಷವರ್ಷ ಬಜೆಟ್ ಮಾಡಬೇಕು, ಲೆಕ್ಕವನ್ನು ವಕ್ಫ್ ಮಂಡಳಿಗೆ ಒಪ್ಪಿಸಬೇಕು ಎನ್ನುತ್ತದೆ. ಸರಕಾರಕ್ಕೆ ಹೆದರಿ ಲೆಕ್ಕ ಬರೆಯುವವರು, ಅಲ್ಲಾಹನ ಮುಂದಿನ ಲೆಕ್ಕ ನೆನೆದು ಬರೆದರೆ ಅಕ್ಷರವಾದರೂ ಸ್ಪಷ್ಟವಾಗುತ್ತಿತ್ತೇನೋ!

ಲೆಕ್ಕ ಕೇಳಿದರೆ ಅವಮಾನವಾಯಿತು ಎನ್ನುವವರಿದ್ದಾರೆ. ಝಕಾತ್ ಸಂಗ್ರಹಿಸಿ ತಂದ ಇಬ್ನುಲ್ ಲುತ್‌ಬಿಯ್ಯ ಎಂಬವರು, ಇದು ನಿಮ್ಮದು, ಇದು ನನಗೆ ಬಂದ ಉಡುಗೊರೆ ಎಂದಾಗ ಪ್ರವಾದಿ(ಸ)ರು ಮಿಂಬರ್ ಏರಿಯೇ ಪ್ರಶ್ನಿಸಿದರು: ತಂದೆ ತಾಯಿಯ ಮನೆಯಲ್ಲಿ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ? ಮಸೀದಿಯ ಮಳಿಗೆಯನ್ನು ಕಡಿಮೆ ಬಾಡಿಗೆಗೆ ತನ್ನ ಭಾವಮೈದುನನಿಗೆ ಕೊಡಿಸುವವರೂ ಇದನ್ನು ಕೇಳಿಕೊಳ್ಳಬೇಕು. 2019ರಲ್ಲಿ ಬೆಂಗಳೂರಿನ ಐಎಂಎ ಕಂಪನಿ ಬಾಗಿಲು ಹಾಕಿದಾಗ ಸಾವಿರಾರು ಮನೆಗಳ ಉಳಿತಾಯ ಸಿಕ್ಕಿಕೊಂಡಿತು. ಹಲಾಲ್ ಎಂಬ ಮಾತು ಕೇಳಿದವರು ಹಲವರು, ಲೆಕ್ಕ ಕೇಳಿದವರು ಕೆಲವರು.

ಟಿ. ನರಸೀಪುರದ ರೇಷ್ಮೆ ನೂಲಿನ ಕಾರ್ಖಾನೆ ನಿಮಗೆ ಗೊತ್ತು. ರೀಲಿಂಗ್ ಮಾಡುವವರನ್ನು ಕೇಳಿ. ಬಿಸಿನೀರಿನಲ್ಲಿರುವ ಹಲವು ಗೂಡುಗಳ ಎಳೆ ಕೂಡಿ ಒಂದು ನೂಲಾಗುತ್ತದೆ. ಒಂದು ಗೂಡಿನ ಎಳೆ ಮುಗಿದರೆ ಆಗಲೇ ಇನ್ನೊಂದರ ಎಳೆ ಸೇರಿಸಬೇಕು, ತಡಮಾಡಿದರೆ ನೂಲು ತೆಳುವಾಗಿ ಹರಿಯುತ್ತದೆ. ಇಪ್ಪತ್ತು ವರ್ಷ ಒಬ್ಬರೇ ಸದರ್ ಆಗಿದ್ದು ಯಾರಿಗೂ ಕೆಲಸ ಕಲಿಸದಿರುವುದನ್ನು ನಾವು ಸೇವೆ ಎಂದು ಹೊಗಳುತ್ತೇವೆ. ಹಫ್ಸಾ(ರ)ರ ನಂತರ ಯಾರು ಎಂಬುದನ್ನು ಅವರು ಬದುಕಿರುವಾಗಲೇ ಬರೆದಿಡಲಾಗಿತ್ತು. ಪ್ರತಿ ಕಮಿಟಿಯಲ್ಲಿ ಮೂವತ್ತು ದಾಟದ ಇಬ್ಬರಾದರೂ ಇರಲಿ, ಒಬ್ಬ ಖಜಾಂಚಿಯ ಪಕ್ಕದಲ್ಲೇ ಕೂರಲಿ. ಮದ್ರಸಾದ ವಿಷಯ ಬಂದಾಗ ತಾಯಂದಿರನ್ನೂ ಕೇಳಿ. ಅಲ್ಲಿ ನೀರು, ಶೌಚಾಲಯ ಹೇಗಿದೆ ಎಂದು ಸದರ್‌ಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಯುತ್ತದೆ. ಅದಾದ ಮೊದಲ ಜುಮಾದಲ್ಲಿ ಜಮಾ ಖರ್ಚಿನ ಒಂದು ಹಾಳೆಯನ್ನು ವುಝೂ ಮಾಡುವ ಜಾಗದ ಹತ್ತಿರದ ಬೋರ್ಡಿಗೆ ಅಂಟಿಸಿ. ಇಮಾಮರ ಸಂಬಳ ಎಷ್ಟು ತಿಂಗಳು ಬಾಕಿ ಇದೆ ಎಂಬ ಸಾಲೂ ಅದರಲ್ಲಿರಲಿ. ಮಳಿಗೆಗಳ ಬಾಡಿಗೆ ಕರಾರಿನ ವಿಷಯವನ್ನು ಮುಂದಿನ ಜುಮಾದಲ್ಲಿ ಮಾತನಾಡೋಣ, ಇನ್‌ಶಾ ಅಲ್ಲಾಹ್.