ಎಳೆಯ ಮಗುವಿನ ಊಟ: ಎಷ್ಟು ಹೊತ್ತು, ಎಷ್ಟು ತುತ್ತು?



ಬಂದವರಿಗೆಲ್ಲ ಅನ್ನವಿಕ್ಕುವ ಹೊರನಾಡಿನ ಅನ್ನಪೂರ್ಣೇಶ್ವರಿಯ ನೆರೆಯಲ್ಲಿ ಬಾಳುವ ಜನ ನಾವು. ಇಂಥ ಸೀಮೆಯಲ್ಲಿ ಮಡಿಲ ಮಗುವೇ ಅನ್ನವನ್ನು ಕಂಡು ಮುಖ ತಿರುಗಿಸಿದರೆ ತಾಯಿಯಾದವಳಿಗೆ ಎಷ್ಟು ಸಂಕಟವಾಗುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮೂಡಿಗೆರೆ, ಕಳಸ, ಬಾಳೆಹೊನ್ನೂರುಗಳ ಕಡೆಯಿಂದ ಮಕ್ಕಳನ್ನು ಎತ್ತಿಕೊಂಡು ಬರುವ ತಾಯಂದಿರಿಂದ ನಾನು ಮತ್ತೆ ಮತ್ತೆ ಕೇಳುವ ದೂರು ಒಂದೇ: "ಡಾಕ್ಟರೇ, ಮಗು ಏನೂ ತಿನ್ನುವುದಿಲ್ಲ. ಒಂದು ಬಟ್ಟಲು ಅನ್ನಕ್ಕೆ ಒಂದು ಗಂಟೆ ಹಿಡಿಯುತ್ತದೆ." ಒಂದರಿಂದ ಮೂರು ವರ್ಷದೊಳಗಿನ ಮಕ್ಕಳ ಊಟದ ವಿಚಾರವಾಗಿ ಇಂದು ತಮ್ಮೊಡನೆ ನಾಲ್ಕು ಮಾತುಗಳನ್ನಾಡಬಯಸುತ್ತೇನೆ.

ಒಂದೇ ದೂರು, ಎರಡು ಮಕ್ಕಳು

ಒಂದು ಬೆಳಗ್ಗೆ ಇಬ್ಬರು ತಾಯಂದಿರು ಇದೇ ದೂರನ್ನು ಹೊತ್ತು ಬಂದರು. ಇಬ್ಬರ ಮಕ್ಕಳಿಗೂ ಒಂದೂವರೆ ವರ್ಷ ವಯಸ್ಸು. ಮೊದಲನೆಯ ಮಗು ಹತ್ತೂವರೆ ಕಿಲೋ ತೂಗಿತು. ಕೋಣೆಯ ತುಂಬ ಓಡಾಡಿ ನನ್ನ ಮೇಜಿನ ಮೇಲಿನ ಕಾಗದಗಳನ್ನೆಲ್ಲ ಕೆಳಗೆಳೆಯಿತು. ಅದರ ತಾಯಿ ಕಣ್ಣೀರಿಡುತ್ತಿದ್ದಳು. ಎರಡನೆಯ ಮಗುವಿನ ತೂಕ ಏಳೇ ಕಿಲೋ. ಅದು ಸದ್ದಿಲ್ಲದೆ ತಾಯಿಯ ಹೆಗಲಿಗೆ ಒರಗಿತ್ತು. "ಬಹಳ ಸಾಧು ಮಗು, ಹಟವೇ ಇಲ್ಲ" ಎಂದಳು ಆಕೆ. ತಾಯಿ ಕಾರ್ಡಿನಲ್ಲಿ ಆ ಮಗುವಿನ ತೂಕದ ಗೆರೆ ಮೂರು ತಿಂಗಳಿಂದ ಮೇಲೇರಿರಲಿಲ್ಲ.

ಮೊದಲನೆಯ ಮಗುವಿಗೆ ಯಾವ ಔಷಧವೂ ಬೇಕಾಗಿರಲಿಲ್ಲ. ಎರಡನೆಯದಕ್ಕೆ ಆ ದಿನವೇ ಚಿಕಿತ್ಸೆ ಬೇಕಾಗಿತ್ತು. ಬಟ್ಟಲಿನಲ್ಲಿ ಉಳಿದ ಅನ್ನವನ್ನು ನೋಡಿ ಈ ವ್ಯತ್ಯಾಸವನ್ನು ತಿಳಿಯಲಾಗದು. ತಕ್ಕಡಿಯನ್ನು ನೋಡಿ ತಿಳಿಯಬಹುದು. ಇದೇ ನನ್ನ ಇಂದಿನ ಮಾತಿನ ತಿರುಳು.

ಹಸಿವು ಏಕೆ ತಗ್ಗುತ್ತದೆ?

ಹುಟ್ಟುವಾಗ 3 ಕಿಲೋ ಇದ್ದ ಕೂಸು ಐದು ತಿಂಗಳಿಗೆ ಸುಮಾರು 6 ಕಿಲೋ, ವರ್ಷ ತುಂಬುವಾಗ ಸುಮಾರು 9 ಕಿಲೋ ಆಗುತ್ತದೆ. ಅಂದರೆ ಮೊದಲ ವರ್ಷದಲ್ಲಿಯೇ 6 ಕಿಲೋ ಬೆಳೆಯುತ್ತದೆ. ಎರಡನೆಯ ವರ್ಷದಲ್ಲಿ ಅದು ಬೆಳೆಯುವುದು ಎರಡು, ಎರಡೂವರೆ ಕಿಲೋ ಮಾತ್ರ. ಬೆಳವಣಿಗೆಯ ವೇಗ ತಗ್ಗಿದಾಗ ಹಸಿವಿನ ವೇಗವೂ ತಗ್ಗುವುದು ದೇಹದ ನಿಯಮ. ಇದನ್ನು ದೃಷ್ಟಿ ತಾಗಿತೆಂದು ಭಾವಿಸಿ ನಿವಾಳಿಸುವುದರಿಂದಾಗಲಿ, ಅಂಗಡಿಯಿಂದ ಹಸಿವಿನ ಟಾನಿಕ್ಕನ್ನು ತಂದು ಕುಡಿಸುವುದರಿಂದಾಗಲಿ ಪ್ರಯೋಜನವಿಲ್ಲ. ಅಲ್ಲದೆ ಆಗತಾನೇ ನಡೆಯಲು ಕಲಿತ ಮಗುವಿಗೆ ಅಂಗಳದ ಕೋಳಿ, ಕಣದಲ್ಲಿ ಹರಡಿದ ಕಾಫಿಯ ಹಣ್ಣು ಎಲ್ಲವೂ ಊಟಕ್ಕಿಂತ ಆಕರ್ಷಕವಾಗಿ ಕಾಣುತ್ತವೆ.

ಎಷ್ಟು ತಿನ್ನಬೇಕು?

ಎಳೆಯ ಮಗುವಿನ ಹೊಟ್ಟೆ ಒಂದು ಕಿಲೋ ತೂಕಕ್ಕೆ ಸುಮಾರು 30 ಮಿಲಿಲೀಟರ್ ಹಿಡಿಯುತ್ತದೆ. ಹತ್ತು ಕಿಲೋ ತೂಗುವ ಮಗುವಿನ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟಕ್ಕಿಂತ ಹೆಚ್ಚಿಗೆ ಸ್ಥಳವಿರುವುದಿಲ್ಲ. ನಮ್ಮ ಹಾಗೆ ಎರಡು ಹೊತ್ತು ಉಂಡು ದಿನವನ್ನು ಕಳೆಯಲು ಅದಕ್ಕೆ ಸಾಧ್ಯವಿಲ್ಲ. ಆದುದರಿಂದ ದಿನಕ್ಕೆ ಮೂರು ನಾಲ್ಕು ಬಾರಿ ಊಟ, ನಡುವೆ ಒಂದೆರಡು ಬಾರಿ ಲಘು ತಿನಿಸು ಬೇಕು. ಎರಡು ವರ್ಷದವರೆಗೂ, ಅದರ ಆಚೆಗೂ ತಾಯಿಯ ಹಾಲು ಮುಂದುವರಿಯಲಿ. ಒಂದು ಊಟಕ್ಕೆ 250 ಮಿಲಿಲೀಟರಿನ ಬಟ್ಟಲಿನಲ್ಲಿ ಮುಕ್ಕಾಲರಿಂದ ಒಂದು ಬಟ್ಟಲಿನಷ್ಟು ಆಹಾರ ಸಾಕು. ಮೊದಲು ಎರಡು ಮೂರು ಚಮಚ ಮಾತ್ರ ಬಡಿಸಿ, ಮಗು ಕೇಳಿದಂತೆ ಮತ್ತೆ ಬಡಿಸಿರಿ.

ಪ್ರಮಾಣ ಸಣ್ಣದಾದುದರಿಂದ ಆಹಾರ ಗಟ್ಟಿಯಾಗಿರಬೇಕು. ನೀರು ಗಂಜಿಯಿಂದ ಹೊಟ್ಟೆ ತುಂಬುತ್ತದೆಯೇ ಹೊರತು ಮೈ ತುಂಬುವುದಿಲ್ಲ. ಚಮಚವನ್ನು ಓರೆ ಮಾಡಿದರೆ ಅನ್ನ ಸುರಿಯದೆ ನಿಲ್ಲುವಂತಿರಲಿ. ಮೆತ್ತಗೆ ಕಲಸಿದ ಅನ್ನ ಬೇಳೆಗೆ ಒಂದು ಚಮಚ ತುಪ್ಪ ಅಥವಾ ಎಣ್ಣೆ, ರಾಗಿಯ ಅಂಬಲಿ, ಕಡುಬು, ಬೆಂದ ಮೊಟ್ಟೆ, ಮುಳ್ಳು ತೆಗೆದ ಮೀನು, ಹಿತ್ತಲಿನ ಸೊಪ್ಪು, ಬಾಳೆಹಣ್ಣು, ಪಪ್ಪಾಯಿ ಇವೆಲ್ಲ ನಮ್ಮ ಕೈಗೆಟುಕುವ ಪೌಷ್ಟಿಕ ಪದಾರ್ಥಗಳು.

ಈ ಅಳತೆ ಸರಾಸರಿಯೇ ಹೊರತು ಶಾಸನವಲ್ಲ. ಅಮೆರಿಕದ ಮಕ್ಕಳ ವೈದ್ಯೆ ಕ್ಲಾರಾ ಡೇವಿಸ್ ಎಂಬಾಕೆ 1920ರ ದಶಕದಲ್ಲಿ ಒಂದು ಪ್ರಯೋಗವನ್ನು ಆರಂಭಿಸಿ, 1939ರಲ್ಲಿ ಅದರ ಫಲವನ್ನು ವಿವರಿಸಿದರು. ಎದೆಹಾಲು ಬಿಟ್ಟ 15 ಮಕ್ಕಳ ಮುಂದೆ ಬಗೆಬಗೆಯ ಆಹಾರವನ್ನಿಟ್ಟು, ಯಾರೂ ಒತ್ತಾಯಿಸದೆ ಅವುಗಳ ಇಚ್ಛೆಗೇ ಬಿಟ್ಟರು. ಮಕ್ಕಳು ಒಂದು ಹೊತ್ತು ಹೆಚ್ಚಾಗಿ, ಇನ್ನೊಂದು ಹೊತ್ತು ಅತ್ಯಲ್ಪವಾಗಿ ತಿಂದವು. ಆದರೂ ಚೆನ್ನಾಗಿ ಬೆಳೆದವು. ಇಲ್ಲಿ ಒಂದು ಅಂಶವನ್ನು ಮರೆಯಬಾರದು: ಮುಂದಿಟ್ಟಿದ್ದ ಆಹಾರವೆಲ್ಲ ಸತ್ವಯುತವಾಗಿತ್ತು; ಸಕ್ಕರೆ, ಮಿಠಾಯಿಗಳು ಅಲ್ಲಿರಲಿಲ್ಲ. ಏನನ್ನು, ಯಾವಾಗ ಬಡಿಸಬೇಕೆಂಬುದು ಹಿರಿಯರ ಹೊಣೆ. ಎಷ್ಟು ತಿನ್ನಬೇಕೆಂಬುದು ಮಗುವಿನ ಹೊಣೆ.

ಎಷ್ಟು ಹೊತ್ತು?

ಒಂದು ಊಟಕ್ಕೆ 20ರಿಂದ 30 ನಿಮಿಷ ಸಾಕು. ಅಗಿಯಲು ಕಲಿಯುತ್ತಿರುವ ಬಾಯಿ, ಹಿಡಿಯಲು ಕಲಿಯುತ್ತಿರುವ ಬೆರಳು, ಇವೆರಡಕ್ಕೂ ಅಷ್ಟು ಸಮಯ ಅವಶ್ಯಕ. ಐದು ನಿಮಿಷದಲ್ಲಿ ಮುಗಿಸೆಂದು ಅವಸರಪಡಿಸಬಾರದು. ಹಾಗೆಯೇ ಅರ್ಧ ಗಂಟೆ ಕಳೆದ ಮೇಲೆ ಬಟ್ಟಲನ್ನು ಹಿಡಿದು ಅಂಗಳದಲ್ಲಿ ಅದರ ಹಿಂದೆ ಅಲೆಯಲೂಬಾರದು. ಬಾಯಿ ಮುಚ್ಚುವುದು, ಮುಖ ತಿರುಗಿಸುವುದು, ತುತ್ತನ್ನು ಉಗುಳುವುದು ಇವು "ಸಾಕು" ಎಂಬ ಮಾತು. ಆಗ ಬಟ್ಟಲನ್ನು ಎತ್ತಿಡಿರಿ. ಎರಡು ಮೂರು ಗಂಟೆಗಳ ಬಳಿಕ ಮತ್ತೆ ಬಡಿಸಿರಿ. ಮನೆಯವರೆಲ್ಲ ಕುಳಿತು ಉಣ್ಣುವಾಗ ಮಗುವಿಗೂ ಒಂದು ಪುಟ್ಟ ತಟ್ಟೆಯಿರಲಿ. ಕೈಯಿಂದ ಕಲಸಿ, ಚೆಲ್ಲಿ, ಅದು ಕಲಿಯುತ್ತದೆ. ಇಂದು ಅನೇಕ ಮನೆಗಳಲ್ಲಿ ಮೊಬೈಲ್ ತೋರಿಸಿ ತುತ್ತಿಡುವ ಅಭ್ಯಾಸ ಬಂದಿದೆ. ಚಿತ್ರವನ್ನು ನೋಡುವ ಮಗು ತನ್ನ ಹಸಿವನ್ನೂ ಅರಿಯದು, ತೃಪ್ತಿಯನ್ನೂ ಅರಿಯದು.

ಬಲವಂತ ಬೇಡ

ಕಾಲಿನ ಮೇಲೆ ಮಗುವನ್ನು ಅಂಗಾತ ಮಲಗಿಸಿ, ಮೂಗು ಹಿಡಿದು, ಒಳಲೆಯಿಂದ ಗಂಜಿ ಹೊಯ್ಯುವ ಪದ್ಧತಿ ಅಲ್ಲಲ್ಲಿ ಇನ್ನೂ ಉಂಟು. ಅಳುವ ಮಗುವಿನ ಬಾಯಿಗೆ ಹೊಯ್ದ ಗಂಜಿ ಶ್ವಾಸನಾಳಕ್ಕೆ ಇಳಿಯಬಹುದು. ಅದರಿಂದ ಉಸಿರು ಕಟ್ಟಬಹುದು, ನ್ಯುಮೋನಿಯಾ ಬರಬಹುದು. ಪ್ರಾಣಕ್ಕೇ ಅಪಾಯವಾಗಬಹುದಾದ ಈ ಪದ್ಧತಿಯನ್ನು ದಯವಿಟ್ಟು ಕೈಬಿಡಿರಿ. ಇಡಿಯ ಕಡಲೆಕಾಯಿ ಬೀಜ, ಹುರಿಗಡಲೆ, ಒಣಗಿದ ಕಾಫಿ ಬೀಜಗಳನ್ನೂ ಈ ವಯಸ್ಸಿನ ಮಕ್ಕಳ ಕೈಗೆ ಸಿಗದಂತೆ ಇಡಿರಿ.

ಹಸಿವನ್ನು ಕೆಡಿಸುವ ಕಾಫಿ

ಮೊದಲು ಹೇಳಿದ ಆ ಚಟುವಟಿಕೆಯ ಮಗು ದಿನವಿಡೀ ಏನನ್ನು ಸೇವಿಸುತ್ತದೆಂದು ವಿಚಾರಿಸಿದೆ. ಬೆಳಗ್ಗೆ ಕಾಫಿ ಮತ್ತು ಬಿಸ್ಕತ್ತು, ಹತ್ತು ಗಂಟೆಗೆ ಅಜ್ಜನ ಲೋಟದಿಂದ ಬೆಲ್ಲದ ಕಾಫಿ, ಮಧ್ಯಾಹ್ನ ಬನ್ನು, ಸಂಜೆ ಮತ್ತೆ ಕಾಫಿ. ಊಟದ ಹೊತ್ತಿಗೆ ಹಸಿವು ಎಲ್ಲಿಂದ ಬಂದೀತು? ಕಾಫಿ ನಮ್ಮ ನಾಡಿನ ಜೀವನಾಧಾರವಾದ ಬೆಳೆ, ನಿಜ. ಆದರೆ ಅದು ಎಳೆಯ ಮಕ್ಕಳ ಪಾನೀಯವಲ್ಲ. ಕಾಫಿ, ಚಹಾಗಳು ಆಹಾರದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತವೆ. ರಕ್ತಹೀನತೆಯಿಂದ ಹಸಿವು ಇನ್ನೂ ಕುಗ್ಗುತ್ತದೆ. ಹಸುವಿನ ಹಾಲು ಕೂಡ ದಿನಕ್ಕೆ ಅರ್ಧ ಲೀಟರನ್ನು ಮೀರದಿರಲಿ. ಅಂಗನವಾಡಿಯಲ್ಲಿ ಹಾಗೂ ಆರೋಗ್ಯ ಕಾರ್ಯಕರ್ತೆಯರ ಮೂಲಕ ದೊರೆಯುವ ಕಬ್ಬಿಣದ ಸಿರಪ್ ಮತ್ತು ವರ್ಷಕ್ಕೆ ಎರಡು ಬಾರಿ ಕೊಡುವ ಜಂತುಹುಳುವಿನ ಔಷಧವನ್ನು ತಪ್ಪದೆ ಕೊಡಿಸಿರಿ.

ತೋಟಕ್ಕೆ ಹೋಗುವ ತಾಯಿ

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತಾಯಿಗೆ ಅರ್ಧ ಗಂಟೆ ಕುಳಿತು ಉಣಿಸುವಷ್ಟು ಬಿಡುವೆಲ್ಲಿ ಎಂದು ತಾವು ಕೇಳಬಹುದು. ಈ ಪ್ರಶ್ನೆ ನ್ಯಾಯವಾದುದು. 50 ಅಥವಾ ಅದಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ತೋಟಗಳಲ್ಲಿ ಶಿಶುಗೃಹವಿರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆ ವಿಧಿಸಿದ್ದು ಇದೇ ಕಾರಣಕ್ಕಾಗಿ. ಶಿಶುಗೃಹವಾಗಲಿ, ಅಂಗನವಾಡಿಯಾಗಲಿ, ಅಜ್ಜಿಯ ಮಡಿಲಾಗಲಿ, ಮಗುವನ್ನು ಬಿಡುವಾಗ ಅದರ ಊಟದ ಡಬ್ಬಿಯನ್ನು ಜೊತೆಯಲ್ಲಿ ಕೊಟ್ಟು, ಎಷ್ಟು ಹೊತ್ತಿಗೆ ಉಣಿಸಬೇಕೆಂದು ತಿಳಿಸಿರಿ. ಸಂಜೆ ಎಷ್ಟು ತಿಂದಿತೆಂದು ಕೇಳಿರಿ.

ತಂದೆಯರಿಗೂ ಒಂದು ಮಾತು. ಬೆಳಗಿನ ಒಂದು ಊಟವನ್ನಾದರೂ ಮಗುವಿಗೆ ತಾವೇ ಉಣಿಸಬಾರದೇಕೆ? ಒಲೆ, ನೀರು, ಬುತ್ತಿಗಳ ನಡುವೆ ತೋಟಕ್ಕೆ ಓಡುವ ತಾಯಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

ಎರಡನೆಯ ಮಗುವಿನ ಕಥೆ

ಇನ್ನು ಆ ಏಳು ಕಿಲೋ ತೂಕದ ಮಗುವಿನ ಸಂಗತಿ. ಅದರ ತಾಯಿ ಆಗ ಮತ್ತೆ ಐದು ತಿಂಗಳ ಗರ್ಭಿಣಿಯಾಗಿದ್ದಳು. ಎದೆಹಾಲು ನಿಂತಿತ್ತು, ಅದರ ಸ್ಥಾನಕ್ಕೆ ನೀರು ಗಂಜಿ ಬಂದಿತ್ತು. ಮಗು ದುರ್ಬಲವಾಗಿ ಹಸಿವೆಂದು ಅಳುವುದನ್ನೂ ಬಿಟ್ಟಿತ್ತು. ಅದನ್ನೇ ಮನೆಯವರು ಸಾಧುತನವೆಂದು ತಿಳಿದಿದ್ದರು. 1930ರ ದಶಕದಲ್ಲಿ ಆಫ್ರಿಕದ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾ ದೇಶದಲ್ಲಿ ಸೇವೆ ಸಲ್ಲಿಸುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್, ಮಕ್ಕಳ ಮೈ ಊದಿಕೊಳ್ಳುವ ಒಂದು ರೋಗಕ್ಕೆ ಅಲ್ಲಿನ ಜನರು ಬಳಸುತ್ತಿದ್ದ 'ಕ್ವಾಶಿಯೋರ್ಕರ್' ಎಂಬ ಹೆಸರನ್ನೇ ಲೋಕಕ್ಕೆ ತಿಳಿಸಿದರು. ತಮ್ಮನೋ ತಂಗಿಯೋ ಹುಟ್ಟಿದಾಗ ಮಡಿಲು ತಪ್ಪಿದ ಹಿರಿಯ ಮಗುವಿಗೆ ಬರುವ ರೋಗವೆಂದು ಆ ಮಾತಿನ ಅರ್ಥ. ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ ಎರಡು ವರ್ಷಗಳ ಅಂತರವಿದ್ದರೆ ಮೊದಲ ಮಗುವಿನ ಹಾಲು, ಅನ್ನ, ಮಡಿಲು ಮೂರೂ ಉಳಿಯುತ್ತವೆ.

ಆ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳುಹಿಸಿದೆವು. ಕೆಲವು ವಾರಗಳ ಅನಂತರ ಮತ್ತೆ ಬಂದಾಗ ಅದು ನನ್ನನ್ನು ಕಂಡು ಗಟ್ಟಿಯಾಗಿ ಅತ್ತಿತು. ಆ ಅಳುವನ್ನು ಕೇಳಿ ನಮಗೆಲ್ಲ ಸಂತೋಷವಾಯಿತು.

ಯಾವಾಗ ವೈದ್ಯರಲ್ಲಿಗೆ ಬರಬೇಕು?

ಎರಡು ತಿಂಗಳು ತೂಕ ಏರದಿದ್ದರೆ ಅಥವಾ ಇಳಿದರೆ; ತೋಳಿನ ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ; ಪಾದಗಳು ಊದಿಕೊಂಡಿದ್ದರೆ; ಉಣ್ಣುವಾಗಲೆಲ್ಲ ಕೆಮ್ಮು, ಉಸಿರಾಟದ ತೊಂದರೆ ಕಾಣಿಸಿದರೆ; ಆಟವನ್ನೂ ಬಿಟ್ಟು ಮಂಕಾಗಿದ್ದರೆ ತಡಮಾಡದೆ ಬನ್ನಿರಿ. ಏನನ್ನೂ ಕುಡಿಯಲಾರದಾದರೆ ಒಂದು ಗಳಿಗೆಯೂ ಕಾಯಬೇಡಿರಿ. ಜ್ವರ, ಭೇದಿಗಳಿಂದ ಚೇತರಿಸಿಕೊಂಡ ಮಗುವಿಗೆ ಎರಡು ವಾರ ದಿನಕ್ಕೊಂದು ಊಟವನ್ನು ಹೆಚ್ಚಾಗಿ ಕೊಡಿರಿ.

ಪ್ರತಿ ತಿಂಗಳು ಅಂಗನವಾಡಿಯಲ್ಲಿ ತೂಕ ಮಾಡಿಸಿರಿ. ಗೆರೆ ಮೇಲೇರುತ್ತಿದ್ದು ಮಗು ಆಡಿಕೊಂಡಿದ್ದರೆ ಬಟ್ಟಲಿನಲ್ಲಿ ಉಳಿದ ನಾಲ್ಕು ತುತ್ತಿಗಾಗಿ ಮನಸ್ಸನ್ನು ನೋಯಿಸಿಕೊಳ್ಳಬೇಡಿರಿ. ಊಟ ಬಲ್ಲವನಿಗೆ ರೋಗವಿಲ್ಲವೆಂದು ಹಿರಿಯರು ಹೇಳಿದ್ದಾರೆ. ಆ ಬಲ್ಮೆಯ ಮೊದಲ ಪಾಠವನ್ನು ಮಗು ಕಲಿಯುವುದು ತಮ್ಮ ಮಡಿಲಿನಲ್ಲಿ, ತಮ್ಮ ತಾಳ್ಮೆಯಿಂದ.